ಎರಡು ಸಲ ಬಡಿದ್ರೆ ಕಳ್ಳ

ಆ ಮನೆಗೆ ಹೋದ ದಿನ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಬೀಗ ಹಾಕೋ ಜಾಗ ಹುಡುಕಿದ್ದು. ಊರಿಂದ ಹೊರಡುವಾಗ ಅಪ್ಪಯ್ಯ ಸೂಟ್‌ಕೇಸಿನಲ್ಲಿ ಒಂದು ದಪ್ಪ ಹಿತ್ತಾಳೆ ಬೀಗ ತುರುಕಿ ಕಳಿಸಿದ್ರು, ಏರ್‌ಪೋರ್ಟಲ್ಲಿ ಎರಡು ಕಡೆ ಅದನ್ನ ತೆಗೆದು ತೋರಿಸಬೇಕಾಯ್ತು, ಇಷ್ಟೆಲ್ಲ ಪಾಡುಪಟ್ಟು ತಂದ ಬೀಗಕ್ಕೆ ನೋಡಿದ್ರೆ ಆ ಬಾಗಿಲಲ್ಲಿ ಕೊಂಡಿನೇ ಇಲ್ಲ. ಒಳಗಡೆ ಒಂದು ಮರದ ಅಗುಳಿ, ಅಷ್ಟೇ. ಹೊರಗೆ ಹೋಗುವಾಗ ಏನ್ ಮಾಡೋದು ಅಂತ ಮನೆ ಓನರ್ ಅಮ್ಮನನ್ನ ಕೇಳಿದೆ. ಅವರು ಎದುರು ಮನೆ ಕಡೆ ಗದ್ದ ಎತ್ತಿ ತೋರಿಸಿ "ಅವರಿರ್ತಾರಲ್ಲ" ಅಂದ್ರು.

ಇದು ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಕರ್ತ ಊರಿನ ದಕ್ಷಿಣಕ್ಕೆ ಬಂತುಲ್ ಅನ್ನೋ ಜಿಲ್ಲೆಯ ಒಂದು ಹಳ್ಳಿ. ಹೆಂಡತಿಗೆ ಅಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು, ನಂದು ಹೇಗೂ ಲ್ಯಾಪ್‌ಟಾಪ್ ಇದ್ದಲ್ಲಿ ಆಫೀಸು, ಸಿಟಿಯಲ್ಲಿರೋದು ಬೇಡ ಗದ್ದೆ ಪಕ್ಕದಲ್ಲಿರೋಣ ಅಂತ ನಾನೇ ಹಠ ಮಾಡಿ ಹೋಗಿದ್ದು. ಮಲೆನಾಡಲ್ಲಿ ಹುಟ್ಟಿದವನಿಗೆ ಗದ್ದೆ, ತೆಂಗು, ಬಾಳೆ, ಹಲಸು ನೋಡಿದ ಕೂಡಲೇ ಇದೆಲ್ಲ ನಂಗೊತ್ತು ಅನ್ನೋ ಒಂದು ಹುಂಬತನ ಬರುತ್ತೆ. ಗೊತ್ತಿದ್ದಿದ್ದು ಮರಗಳು ಮಾತ್ರ ಅಂತ ಆಮೇಲೆ ಅರ್ಥ ಆಯ್ತು.

ಅವತ್ತೇ ಸಂಜೆ, ಮಸೀದಿ ಆಜಾನ್ ಮುಗಿದು ಸ್ವಲ್ಪ ಹೊತ್ತಿಗೆ ಒಬ್ಬರು ಬಂದ್ರು. ಚೌಕಳಿ ಲುಂಗಿ, ಕಪ್ಪು ಟೋಪಿ, ಕಂಕುಳಲ್ಲಿ ಉದ್ದದ ನೋಟ್‌ಬುಕ್ಕು. ಇವರೇ ಪಾ ಎರ್ತೆ. ಎರ್ತೆ ಅಂದ್ರೆ ಆರ್.ಟಿ., 'ರುಕುನ್ ತೆತಂಗಾ' ಅನ್ನೋದರ ಚಿಕ್ಕ ರೂಪ, ಅಕ್ಕಪಕ್ಕದ ಹತ್ತಾರು ಮನೆಗಳ ಒಂದು ಗುಂಪು, ಅದಕ್ಕೊಬ್ಬ ಮುಖ್ಯಸ್ಥ. ಪಾ ಅಂದ್ರೆ ಅಪ್ಪ, ಗೌರವಕ್ಕೆ ಸೇರಿಸೋದು. ಕೂತು ಚಹಾ ಕುಡಿದು, ಹವಾಮಾನ ಮಾತಾಡಿ, ಇಂಡಿಯಾದಲ್ಲಿ ಎಮ್ಮೆಗೆ ಎಷ್ಟು ರೇಟು ಅಂತ ಕೇಳಿ, ಆಮೇಲೆ ಮೆತ್ತಗೆ ಪಾಸ್‌ಪೋರ್ಟ್ ತೋರಿಸಿ ಅಂದ್ರು. ಹಳ್ಳಿ ಬಾಯಲ್ಲೇ ಒಂದು ಬೋರ್ಡಿದೆ, ರಾತ್ರಿ ಉಳ್ಕೊಳ್ಳೋ ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡ್ಕೋಬೇಕು ಅಂತ, ಜಾವಾದಲ್ಲಿ ಎಲ್ಲಿ ಹೋದ್ರೂ ಈ ಬೋರ್ಡ್ ಸಿಗುತ್ತೆ. ನಂಗೆ ಒಳಗೊಳಗೇ ಉರಿದುಹೋಯ್ತು. ಬಾಡಿಗೆ ಕೊಟ್ಟಿದ್ದೀವಿ, ವೀಸಾ ಇದೆ, ನಾವೇನು ಕಳ್ಳರಾ. ಹೆಂಡತಿ ಕಣ್ಣಲ್ಲೇ ಸುಮ್ನಿರಿ ಅಂದ್ಳು.

ಈ ಎರ್ತೆ ವ್ಯವಸ್ಥೆ ಹಳೇ ಜಾವಾದ ಸಂಪ್ರದಾಯ ಅಂತ ಅಲ್ಲಿನವರೇ ತುಂಬ ಜನ ಅಂದ್ಕೊಂಡಿದ್ದಾರೆ, ಆದ್ರೆ ಬೀಜ ಹಾಕಿದ್ದು ಜಪಾನಿನವರು. 1942ರಿಂದ 45ರವರೆಗೆ ಜಾವಾ ಅವರ ಕೈಲಿತ್ತಲ್ಲ, ಆಗ ತಮ್ಮ ದೇಶದ ತೊನಾರಿಗುಮಿ ಅನ್ನೋ ನೆರೆಹೊರೆ ಗುಂಪಿನ ಪದ್ಧತಿನ ಇಲ್ಲಿಗೆ ತಂದ್ರು, ಎಷ್ಟು ಬಾಯಿ ಇದೆ ಎಷ್ಟು ಅಕ್ಕಿ ಇದೆ ಯಾರ ಮನೆಗೆ ಯಾರು ಬಂದು ಹೋಗ್ತಾರೆ ಅಂತ ಲೆಕ್ಕ ಇಡೋಕೆ. ಜಪಾನಿನವರು ಹೋದ್ರು, ಲೆಕ್ಕದ ಪುಸ್ತಕ ಉಳೀತು. ಆಮೇಲೆ ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ ಅದಕ್ಕೆ ಇನ್ನಷ್ಟು ಬಿಗಿ ಬಂತು. ಇವತ್ತೂ ಐಡಿ ಕಾರ್ಡ್ ಮಾಡಿಸ್ಬೇಕು, ಮದುವೆ ನೋಂದಣಿ ಮಾಡಿಸ್ಬೇಕು ಅಂದ್ರೆ ಎಷ್ಟೋ ಕಡೆ ಮೊದಲು ಪಾ ಎರ್ತೆ ಕೈಯಿಂದ ಒಂದು ಚೀಟಿ ಬೇಕು. ಹೆಂಗಸರದ್ದು ಇದರೊಳಗೇ ಇನ್ನೊಂದು ಸಣ್ಣ ಗುಂಪು, ಅದರ ಹೆಸರು ದಸವಿಸ್ಮ. ದಶ, ವೇಶ್ಮ. ಹತ್ತು ಮನೆ. ನನ್ನ ಹೆಂಡತಿ ಅಲ್ಲಿಗೆ ಹೋಗಿ ಒಂದು ತಿಂಗಳೊಳಗೇ ಇದರ ಮೆಂಬರ್ರು, ಜೊತೆಗೆ ಅರಿಸಾನ್ ಅನ್ನೋ ಚೀಟಿ, ನಮ್ಮ ಥರ ಹರಾಜಿಲ್ಲ, ಹೆಸರು ಬರೆದು ಡಬ್ಬಿ ಅಲ್ಲಾಡಿಸಿ ಯಾರ್ದು ಬಿತ್ತೋ ಅವರಿಗೆ ದುಡ್ಡು.

ಭಾಷೆ ವಿಷಯ ಬಂತು ಅಂತ ಹೇಳ್ತೀನಿ. ಇಂಡೋನೇಷ್ಯಾದವರು 'ಜೀವ ಮತ್ತು ಆಸ್ತಿಪಾಸ್ತಿ' ಅನ್ನೋಕೆ ಹೇಳೋದು 'ಜಿವಾ, ಹರ್ತಾ ಬೆಂಡಾ'. ಜಿವಾ ಜೀವ. ಹರ್ತಾ ನಮ್ಮ ಅರ್ಥ. ಬೆಂಡಾ ನಮ್ಮ ಭಾಂಡ, ಪಾತ್ರೆ ಪಗಡ. ಅಪಾಯಕ್ಕೆ ಬಹಾಯಾ ಅಂತಾರೆ, ಅದು ಭಯ. ಕಾಯೋದಕ್ಕೆ ಜಾಗಾ, ಜಾಗರಣೆಯ ಜಾಗ. ಭೂಕಂಪ, ಪ್ರವಾಹದಂಥ ವಿಪತ್ತಿಗೆ ಬೆಂಚಾನಾ, ಅದು ಮೂಲದಲ್ಲಿ ವಂಚನೆ, ಭೂಮಿ ಮೋಸ ಮಾಡೋದನ್ನ ಹಂಗೇ ಕರೀಬೇಕು ನೋಡಿ. ಹಳ್ಳಿಗೆ ದೇಸಾ, ಮುಖ್ಯಸ್ಥನಿಗೆ ಕೆಪಾಲಾ. ಕಪಾಲ! ಮೊದಲ ವಾರ ಇದನ್ನ ಕೇಳಿ ನಾನು ನಕ್ಕಿದ್ದಕ್ಕೆ ಎದುರು ಮನೆಯವರು ಯಾಕೆ ಅಂತ ಕೇಳಿದ್ರು, ನಮ್ಮಲ್ಲಿ ಕಪಾಲ ಅಂದ್ರೆ ಶಿವನ ಕೈಲಿರೋ ಬುರುಡೆ ಅಂತ ವಿವರಿಸೋಷ್ಟು ಭಾಷೆ ಆಗ ನಂಗಿರ್ಲಿಲ್ಲ.

ಹಳ್ಳಿ ಮಧ್ಯೆ ದಾರಿ ತಿರುಗೋ ಕಡೆ ನಾಲ್ಕು ಕಂಬದ ಒಂದು ಕಟ್ಟೆ, ಮೇಲೆ ಹೆಂಚು, ಅದು ಪೋಸ್ ರೊಂಡಾ, ಗಸ್ತು ಕಟ್ಟೆ ಅನ್ನಿ. ಅದರ ಒಂದು ಮೂಲೇಲಿ ಕೆಂತೊಂಗಾನ್ ತೂಗುಹಾಕಿದ್ರು. ಹಲಸಿನ ಮರದ ದಿಮ್ಮಿನ ಟೊಳ್ಳು ಮಾಡಿ ಉದ್ದಕ್ಕೊಂದು ಸೀಳು ಬಿಟ್ಟಿರ್ತಾರೆ, ಬಡಿಯೋಕೊಂದು ಕೋಲು. ಬಿದಿರಿಂದೂ ಇರುತ್ತೆ. ಹೊಡೆದ್ರೆ 'ತೊಕ್' ಅಂತ ಒಣಗಿದ ಸದ್ದು, ಗದ್ದೆ ಮೇಲೆ ಹಾದು ಆಚೆ ಹಳ್ಳಿಗೂ ಕೇಳುತ್ತೆ. ಪಕ್ಕದಲ್ಲಿ ಹಲಗೆ ಮೇಲೆ ಸಂಕೇತಗಳನ್ನ ಪೇಂಟಲ್ಲಿ ಬರೆದಿದ್ರು. ಒಂದೊಂದೇ ಏಟು ಬಿಟ್ಟು ಬಿಟ್ಟು ಹೊಡೆದ್ರೆ ಕೊಲೆ. ಎರಡೆರಡು, ಕಳ್ಳ. ಮೂರು ಮೂರು ಬೆಂಕಿ. ನಾಲ್ಕು ನಾಲ್ಕು ಪ್ರಕೃತಿ ವಿಕೋಪ. ಐದೈದು ದನಗಳ್ಳತನ. ಕೊನೇಲಿ, ಒಂದು ಏಟು, ಆಮೇಲೆ ಸಾಲಾಗಿ ಸುಮಾರು ಏಟು, ಮತ್ತೆ ಒಂದು: ಎಲ್ಲ ಕ್ಷೇಮ.

ಮನೆ ಕಳ್ಳನಿಗೆ ಎರಡೇಟು, ದನದ ಕಳ್ಳನಿಗೆ ಬೇರೆಯೇ ಐದೇಟು ಯಾಕೆ ಅಂತ ನಂಗೆ ತುಂಬ ದಿನ ಕಾಡ್ತಿತ್ತು. ಓನರ್ ಅಮ್ಮನ ಮನೇಲಿ ಒಂದು ಹಸು ಇತ್ತು, ಅಡುಗೆಮನೆ ಗೋಡೆಗೇ ತಾಗಿಸಿ ಕಟ್ಟಿದ ಕೊಟ್ಟಿಗೆ, ರಾತ್ರಿ ಅದು ಉಸಿರು ಬಿಡೋದು ಮಲಗಿದಲ್ಲಿಗೆ ಕೇಳ್ಬೇಕು ಅಂತಲೇ ಹಂಗೆ ಕಟ್ಟಿದ್ದು. ಹಾಲಿಗಲ್ಲ ಅದು. ಮಗನ ಕಾಲೇಜ್ ಫೀಸಿಗೆ, ಮಳೆ ಕೈಕೊಟ್ಟ ವರ್ಷಕ್ಕೆ, ಸಾವು ನೋವಿಗೆ. ಜಾವಾ ಭಾಷೇಲಿ ಜಾನುವಾರಿಗೆ 'ರಾಜಕಾಯಾ' ಅಂತಾರೆ. ಬಕ್ರೀದ್ ಹತ್ರ ಬಂದಾಗ ರೇಟು ಏರುತ್ತೆ, ಆಗ ಗಸ್ತಿಗೆ ಯಾರೂ ಚಕ್ಕರ್ ಹಾಕಲ್ಲ.

ಮಿಕ್ಕ ಆಸ್ತಿ ಅಂದ್ರೆ ಏನೇನು? ಬೈಕು, ಅದು ಮನೆಗೆರಡು, ಕೀ ಅದರಲ್ಲೇ ನೇತಾಡ್ತಿರುತ್ತೆ ಹಗಲಲ್ಲಿ, ರಾತ್ರಿ ಮಾತ್ರ ಹಾಲ್ ಒಳಗೆ, ಸೋಫಾ ಪಕ್ಕಕ್ಕೆ ಬರುತ್ತೆ. ಮೂರು ಕೆಜಿಯ ಹಸಿರು ಗ್ಯಾಸ್ ಸಿಲಿಂಡರ್, ಅದಕ್ಕೆ ಮೆಲೊನ್, ಅಂದ್ರೆ ಕರಬೂಜ ಅಂತ ಅಡ್ಡಹೆಸರು, 2007ರಲ್ಲಿ ಸರ್ಕಾರ ಸೀಮೆಎಣ್ಣೆ ಬಿಡಿಸಿ ಎಲ್ಲರ ಮನೆಗೂ ಕೊಡೋಕೆ ಶುರು ಮಾಡಿದ್ದು, ಕೈಯಲ್ಲೆತ್ತಿಕೊಂಡು ಓಡೋಕೆ ಹೇಳಿ ಮಾಡಿಸಿದಂಗಿದೆ. ಮತ್ತೆ ಹಕ್ಕಿ. ಹೌದು ಹಕ್ಕಿ. ಜಾವಾ ಗಂಡಸರಿಗೆ ಹಾಡೋ ಹಕ್ಕಿ ಹುಚ್ಚು ಎಂಥದ್ದು ಅಂದ್ರೆ, ಮುರಾಯ್ ಅನ್ನೋ ಉದ್ದ ಬಾಲದ ಹಕ್ಕಿ ಚೆನ್ನಾಗಿ ಹಾಡೋದಾದ್ರೆ ಬೆಲೆ ಲಕ್ಷಗಟ್ಟಲೆ ಅಲ್ಲ, ಮಿಲಿಯನ್‌ಗಟ್ಟಲೆ ರುಪಯಾ, ಅಂದ್ರೆ ಅಲ್ಲಿನ ದುಡ್ಡು. ಮನೆ ಗೋಡೆಗೆ ಸುಣ್ಣ ಕಂಡು ಎಷ್ಟು ವರ್ಷ ಆಯ್ತೋ, ಪಂಜರಕ್ಕೆ ಮಾತ್ರ ಕೆತ್ತನೆ ಕೆಲಸ.

ಗಸ್ತು ಗಂಡಸರ ಪಾಳಿ, ವಾರಕ್ಕೊಂದು ರಾತ್ರಿ, ಆರೇಳು ಜನ. ನಂಗೆ 'ಮಾಲಮ್ ಜುಮಾತ್' ಅಂತ ಬರೆದುಕೊಟ್ರು, ಶುಕ್ರವಾರದ ರಾತ್ರಿ. ಶುಕ್ರವಾರ ರಾತ್ರಿ ಹತ್ತಕ್ಕೆ ಸ್ವೆಟರ್ ಟಾರ್ಚ್ ಎಲ್ಲ ಹಿಡ್ಕೊಂಡು ಹೋದ್ರೆ ಅಲ್ಲಿ ಬೇರೇನೇ ಟೀಮ್ ಕೂತು ನಗ್ತಿದೆ. ಅವರ ಲೆಕ್ಕದಲ್ಲಿ ದಿನ ಶುರುವಾಗೋದು ಹಿಂದಿನ ದಿನ ಹೊತ್ತು ಮುಳುಗಿದ ಮೇಲೆ, ಹಂಗಾಗಿ ಶುಕ್ರವಾರದ ರಾತ್ರಿ ಅಂದ್ರೆ ನಮ್ಮ ಗುರುವಾರ ರಾತ್ರಿ. ಮೊದಲ ಪಾಳಿಗೇ ಗೈರುಹಾಜರಿ.

ಗಸ್ತು ಅಂದ್ರೆ ಕೋಲು ಹಿಡಿದು ಮೀಸೆ ತಿರುವೋದಲ್ಲ. ಡಾಮಿನೋ ಆಟ, ಲವಂಗದ ಸಿಗರೇಟು, ಸಿಹಿ ಚಹಾ, ಕರಿದ ತೆಂಪೆ, ಅಂದ್ರೆ ಹುದುಗಿಸಿದ ಸೋಯಾ ಬಿಲ್ಲೆ. ಹನ್ನೆರಡೂವರೆ ಆದ್ಮೇಲೆ ಒಂದು ಸುತ್ತು. ಆ ಸುತ್ತಿಗೊಂದು ನೆಪ ಇದೆ, ಅದರ ಹೆಸರು ಜಿಂಪಿತಾನ್. ಜಿಂಪಿತ್ ಅಂದ್ರೆ ಚಿಟಿಕೆ. ಮೊದಲು ಪ್ರತಿ ಮನೆಯವರೂ ರಾತ್ರಿ ಒಂದು ಚಿಟಿಕೆ ಅಕ್ಕಿನ ಸಣ್ಣ ಡಬ್ಬಿಗೆ ಹಾಕಿ ಗೋಡೆಗೆ ನೇತುಹಾಕ್ತಿದ್ರಂತೆ, ಗಸ್ತಿನವರು ಅದನ್ನ ಚೀಲಕ್ಕೆ ಸುರ್ಕೊಂಡು ಹೋಗೋರು. ಈಗ ಅಕ್ಕಿ ಬದಲು 500 ರುಪಯಾದ ಒಂದು ನಾಣ್ಯ, ನಮ್ಮ ದುಡ್ಡಲ್ಲಿ ಮೂರು ರೂಪಾಯಿನೂ ಆಗಲ್ಲ. ಕುಡಿಯೋ ನೀರಿನ ಪ್ಲಾಸ್ಟಿಕ್ ಲೋಟಕ್ಕೆ ತಂತಿ ಕಟ್ಟಿ ಮೊಳೆಗೆ ಸಿಕ್ಕಿಸಿರ್ತಾರೆ, ಟಾರ್ಚ್ ಬಿಟ್ಟು ಬೆರಳು ಹಾಕಿ ತೆಗೀಬೇಕು, ಒಮ್ಮೊಮ್ಮೆ ಒಳಗೆ ಇರುವೆ, ಒಮ್ಮೆ ಒಂದು ಸಣ್ಣ ಕಪ್ಪೆ. ಇನ್ನೊಬ್ಬ ಪುಸ್ತಕದಲ್ಲಿ ಆ ಮನೆ ಮುಂದೆ ಟಿಕ್ ಹಾಕ್ತಾನೆ. ದುಡ್ಡು ಕಟ್ಟೆ ರಿಪೇರಿಗೆ, ಬೀದಿ ದೀಪಕ್ಕೆ, ಯಾರಾದ್ರೂ ಆಸ್ಪತ್ರೆ ಸೇರಿದ್ರೆ ಹಣ್ಣಿಗೆ.

ಮೂರ್ನಾಲ್ಕು ವಾರ ಆದ್ಮೇಲೆ ನಂಗೆ ಹೊಳೀತು, ಈ ನಾಣ್ಯದ ಆಟ ಎಷ್ಟು ಚೆನ್ನಾಗಿದೆ ಅಂತ. ನಾಣ್ಯ ತೆಗೀಬೇಕು ಅಂದ್ರೆ ಪ್ರತಿ ಮನೆ ಗೋಡೆ ತನಕ ಹೋಗ್ಲೇಬೇಕು. ಗೋಡೆ ತನಕ ಹೋದ್ರೆ ಒಳಗೆ ಮಗು ಕೆಮ್ಮೋದು ಕೇಳುತ್ತೆ, ಹಿತ್ತಲ ಬಾಗಿಲು ತೆರೆದಿದ್ದು ಕಾಣುತ್ತೆ, ಗ್ಯಾಸ್ ವಾಸನೆ ಬರುತ್ತೆ, ಹಸು ಯಾಕೋ ನಿಂತೇ ಇದೆ ಅಂತ ಗೊತ್ತಾಗುತ್ತೆ. ಲೋಟದಲ್ಲಿ ನಾಣ್ಯ ಇಲ್ಲ ಅಂದ್ರೆ ಆ ಮನೇಲಿ ಏನೋ ಆಗಿದೆ ಅಂತ ಅರ್ಥ. ಒಂಟಿ ಅಜ್ಜಿ ಜ್ವರ ಬಂದು ಎರಡು ದಿನ ಮಲಗಿದ್ದು ಊರಿಗೆ ತಿಳಿದಿದ್ದು ಹಿಂಗೇ, ಖಾಲಿ ಲೋಟದಿಂದ.

ಗಂಡ ಹೆಂಡ್ತಿ ಜಗಳ ಆಡಿದ್ದೂ ಹಿಂಗೇ ತಿಳಿಯುತ್ತೆ, ಅದನ್ನೂ ಹೇಳ್ಬೇಕು. ನಮ್ಮದು ತಿಳಿದಿತ್ತು.

ಇನ್ನು ಜಮೀನು. ಓನರ್ ಅಮ್ಮನಿಗಿದ್ದ ಗದ್ದೆ 900 ಚದರ ಮೀಟರ್, ಅಂದ್ರೆ ಒಂಬತ್ತು ಗುಂಟೆಗೆ ಒಂಚೂರು ಕಮ್ಮಿ. ನಾನು ಪಾಪ ಅಂತ ಮುಖ ಮಾಡಿದೆ, ಅವರಿಗೆ ಅದೇನೂ ಪಾಪ ಅನ್ನಿಸ್ತಿರ್ಲಿಲ್ಲ, ಯಾಕಂದ್ರೆ ಸುತ್ತ ಎಲ್ಲರದ್ದೂ ಅಷ್ಟೇ. ಅರ್ಧ ಹೆಕ್ಟೇರಿಗಿಂತ ಕಮ್ಮಿ ಇರೋರಿಗೆ ಅಲ್ಲಿ 'ಪೆತಾನಿ ಗುರೆಮ್' ಅಂತಾರೆ, ಗುರೆಮ್ ಅಂದ್ರೆ ಕೋಳಿ ಹೇನು. ಸರ್ಕಾರಿ ಅಂಕಿ ಅಂಶದಲ್ಲೂ ಅದೇ ಪದ. 2023ರ ಕೃಷಿ ಗಣತಿ ಪ್ರಕಾರ ಇಂಥ ಕುಟುಂಬಗಳು ಒಂದೂವರೆ ಕೋಟಿಗೂ ಜಾಸ್ತಿ. 1960ರಲ್ಲಿ ಭೂಮಿತಿ ಕಾನೂನು ತಂದಾಗ ಒಂದು ರೈತ ಕುಟುಂಬಕ್ಕೆ ಕನಿಷ್ಠ ಎರಡು ಹೆಕ್ಟೇರ್ ಇರ್ಬೇಕು ಅಂತ ಬರೆದಿದ್ರು. ಕಾನೂನು ಈಗ್ಲೂ ಇದೆ.

ದಾಖಲೆ ಕಥೆ ನಮ್ಮ ಪಹಣಿ ಕಥೆಗಿಂತ ಸುಲಭ ಏನಿಲ್ಲ. ಹಳ್ಳಿ ಆಫೀಸಲ್ಲಿ 'ಲೆಟರ್ ಸಿ' ಅಂತ ಒಂದು ಹಳೇ ಪುಸ್ತಕ, ಯಾರು ಕಂದಾಯ ಕಟ್ತಾರೆ ಅನ್ನೋದಷ್ಟೇ ಅದರಲ್ಲಿರೋದು, ಒಡೆತನ ಅಲ್ಲ, ಆದ್ರೆ ಮೂರು ತಲೆಮಾರು ಅದನ್ನೇ ಒಡೆತನ ಅಂತ ನಂಬ್ಕೊಂಡು ಬಂದಿದೆ. ಅಸಲಿ ಕಾಗದ ಅಂದ್ರೆ ಹಸಿರು ರಟ್ಟಿನ ಸರ್ಟಿಫಿಕೇಟು, ಮೇಲೆ ಗರುಡನ ಲಾಂಛನ, 'ಹಕ್ ಮಿಲಿಕ್' ಅಂದ್ರೆ ಪೂರ್ತಿ ಒಡೆತನ. ಇದು ಇಂಡೋನೇಷ್ಯಾ ಪ್ರಜೆಗಳಿಗೆ ಮಾತ್ರ, ನನ್ನಂಥವರಿಗೆ ಬಾಡಿಗೆಯೇ ಗತಿ. 2017ರಿಂದ ಸರ್ಕಾರ ಹಳ್ಳಿಗೆ ಹಳ್ಳಿನೇ ಅಳೆದು ಸರ್ಟಿಫಿಕೇಟ್ ಕೊಡೋ ದೊಡ್ಡ ಯೋಜನೆ ಹಾಕ್ಕೊಂಡಿದೆ. 2023ರ ಫೆಬ್ರವರಿಲಿ ದೇಶಾದ್ಯಂತ ಒಂದೇ ದಿನ ಹತ್ತು ಲಕ್ಷ ಗಡಿಗೂಟ ನೆಡೋ ಕಾರ್ಯಕ್ರಮ ಮಾಡಿದ್ರು, ಗೂಟ ನೆಡಿ, ಜಗಳ ಬಿಡಿ, ಒತ್ತುವರಿ ತಡೀರಿ ಅನ್ನೋ ಥರದ ಪ್ರಾಸದ ಘೋಷಣೆ. ಗೂಟ ನೆಡುವಾಗ ಎರಡೂ ಕಡೆಯವರು ಸಾಕ್ಷಿ ನಿಲ್ಬೇಕು, ಅಲ್ಲಿಯೂ ಅದಕ್ಕೆ 'ಸಾಕ್ಸಿ' ಅಂತಲೇ.

ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀರಿ ಅಂತ ಒಮ್ಮೆ ಓನರ್ ಅಮ್ಮನನ್ನ ಕೇಳಿದೆ, ಸುಮ್ನೆ ನೋಡೋಣ ಅಂತ. "ಸ್ಕೂಲಿಗೆ ಹೋಗಿದೆ" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಮಗನ ಬೈಕಿನ ಆರ್.ಸಿ. ಪುಸ್ತಕನೂ ಸ್ಕೂಲಲ್ಲೇ ಇದೆಯಂತೆ. ಆಮೇಲೆ ಎದುರು ಮನೆ ಹುಡುಗ ಹೊಟ್ಟೆ ಹಿಡ್ಕೊಂಡು ನಗ್ತಾ ಹೇಳಿದ, ಬ್ಯಾಂಕಲ್ಲಿ ಅಡ ಇಟ್ಟಿದ್ದಕ್ಕೆ ಹಂಗೆ ಹೇಳೋದು. ಗಿರವಿ ಇಟ್ಟಿದ್ದೀನಿ ಅನ್ನೋಕೆ ನಾಚಿಕೆ, ಓದೋಕೆ ಕಳಿಸಿದ್ದೀನಿ ಅಂದ್ರೆ ಮರ್ಯಾದೆ. ಕೆಲವು ಸರ್ಟಿಫಿಕೇಟುಗಳು ಡಬಲ್ ಡಿಗ್ರಿ ಮಾಡ್ತಾ ಇವೆ ಅಂತ ಬೇರೆ ಸೇರಿಸ್ದ.

ಹಳ್ಳಿ ಅಧಿಕಾರಿಗಳಿಗೆ ಜಾವಾದಲ್ಲಿ ಇವತ್ತಿಗೂ ಸಂಬಳದ ಜೊತೆ ಗದ್ದೆ ಬಿಟ್ಟಿರ್ತಾರೆ, ಹುದ್ದೇಲಿ ಇರೋ ತನಕ ಉತ್ತು ತಿನ್ನಬಹುದು, ಬೆಂಗ್‌ಕೊಕ್ ಅಂತಾರೆ, ಯೋಗ್ಯಕರ್ತ ಕಡೆ ಪೆಲುಂಗುಹ್. ನಮ್ಮ ಉಂಬಳಿ! ಅಪ್ಪಯ್ಯನಿಗೆ ಫೋನಲ್ಲಿ ಇದನ್ನ ಹೇಳಿದ್ದೇ ತಡ, 1960ರ ದಶಕದಲ್ಲಿ ಶಾನುಭೋಗಿಕೆ ಪಟೇಲಿಕೆ ಎಲ್ಲ ರದ್ದಾದ ಕಥೆ ಮುಕ್ಕಾಲು ಗಂಟೆ ಹೇಳಿದ್ರು, ಇಂಟರ್‌ನ್ಯಾಷನಲ್ ಕಾಲು ಅನ್ನೋದೂ ನೋಡದೆ.

ಇಷ್ಟೆಲ್ಲ ಕಾಗದ, ಗೂಟ, ಸಾಕ್ಷಿ ಇದ್ರೂ ಆ ಹಳ್ಳೀಲಿ ಜನ ಕಾಲವನ್ನ ಎರಡು ಭಾಗ ಮಾಡಿ ಮಾತಾಡೋರು, 'ಗೆಂಪಾ' ಮುಂಚೆ, 'ಗೆಂಪಾ' ಆದ್ಮೇಲೆ. ಭೂಕಂಪ. 2006ರ ಮೇ 27, ಶನಿವಾರ, ಬೆಳಿಗ್ಗೆ 5 ಗಂಟೆ 53 ನಿಮಿಷ. ಒಂದು ನಿಮಿಷ ಕೂಡ ಇರ್ಲಿಲ್ಲ ಅಂತಾರೆ, 5,700ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಬಹುಪಾಲು ಬಂತುಲ್ ಜಿಲ್ಲೆಯೊಂದರಲ್ಲೇ. ಓನರ್ ಅಮ್ಮ ಹಿತ್ತಲಲ್ಲಿ ಒಲೆ ಹಚ್ತಾ ಇದ್ರು, ಅದಕ್ಕೇ ಉಳ್ಕೊಂಡ್ರು, ಅವರ ಅತ್ತೆ ಒಳಗೆ ಮಲಗಿದ್ರು. ಕೊಂದಿದ್ದು ಗೋಡೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಎಲ್ಲರೂ ಬಿದಿರು ತಟ್ಟಿ ಮನೆ ಬಿಟ್ಟು ಇಟ್ಟಿಗೆ ಮನೆ ಕಟ್ಟಿದ್ರು, ಒಳಗೆ ಕಬ್ಬಿಣ ಇಲ್ಲ, ಮೂಲೆ ಕಂಬ ಇಲ್ಲ, ಕಳ್ಳರಿಂದ ಕಾಯ್ತದೆ ಅಂತ ಕಟ್ಟಿದ ಗಟ್ಟಿ ಗೋಡೆ ಮಲಗಿದವರ ಮೇಲೇ ಬಿತ್ತು. ಹಳೇ ಬಿದಿರು ಮನೆಗಳು ತೂಗಾಡಿ ನಿಂತ್ಕೊಂಡ್ವು.

ಅದಾಗಿ ಎರಡು ಗಂಟೆಯೊಳಗೆ ಸುನಾಮಿ ಬಂತು ಅಂತ ಸುಳ್ಳು ಸುದ್ದಿ. ಸುಮಾತ್ರಾದ ಅಚೆ ಪ್ರಾಂತ್ಯದಲ್ಲಿ ಸುನಾಮಿ ಆಗಿ ಒಂದೂವರೆ ವರ್ಷ ಆಗಿತ್ತಷ್ಟೇ, ಟಿವೀಲಿ ನೋಡಿದ್ದು ಎಲ್ಲರ ಕಣ್ಣಲ್ಲೂ ಇತ್ತು, ಸಮುದ್ರ ದಕ್ಷಿಣಕ್ಕಿದೆ ಅಂತ ಜನ ಗಾಯ ಆದವರನ್ನೂ ಬಿಟ್ಟು ಉತ್ತರಕ್ಕೆ ಓಡಿದ್ರು, ಉತ್ತರದಲ್ಲಿ ನೋಡಿದ್ರೆ ಮೆರಾಪಿ ಜ್ವಾಲಾಮುಖಿ ಅದೇ ತಿಂಗಳು ಹೊಗೆ ಉಗುಳ್ತಾ ಇತ್ತು. ಎತ್ತ ಹೋಗೋದು ಹೇಳಿ. ಅವತ್ತು ಕೆಂತೊಂಗಾನಲ್ಲಿ ನಾಲ್ಕೇಟು ಯಾರೂ ಹೊಡೀಲಿಲ್ವಂತೆ, ಕಟ್ಟೆನೇ ಬಿದ್ದುಹೋಗಿತ್ತು. ಒಂದು ವಾರದಲ್ಲಿ ಮೊದಲು ಎದ್ದು ನಿಂತಿದ್ದು ಮನೆಗಳಲ್ಲ, ಆ ಕಟ್ಟೆ, ಟಾರ್ಪಾಲಿನ್ ಹೊದಿಸಿ. ಬಿದ್ದ ಮನೆಗಳಲ್ಲಿ ಚಿನ್ನ ಪಾತ್ರೆ ಎಲ್ಲ ಮಣ್ಣಲ್ಲಿ ಬಿದ್ದಿದೆ, ಹೊರಗಿನ ಕಳ್ಳರು ಬರ್ತಾರೆ ಅಂತ ಸುದ್ದಿ. ಸರ್ಕಾರದ ಪರಿಹಾರದ ದುಡ್ಡು ಒಬ್ಬೊಬ್ಬರಿಗೆ ಅಲ್ಲ, ಹತ್ತು ಹದಿನೈದು ಮನೆಗಳ ಗುಂಪಿಗೆ ಬಂತು, ಒಬ್ಬರ ಮನೆ ಎಲ್ಲರೂ ಸೇರಿ ಕಟ್ಟಿ ಆಮೇಲೆ ಇನ್ನೊಬ್ಬರದು. ಕೆಲವು ಕಡೆ ಪೂರ್ತಿ ಬಿದ್ದವರಿಗೂ ಬರೀ ಬಿರುಕು ಬಿಟ್ಟವರಿಗೂ ಸಮಸಮ ಹಂಚಿದ್ರು, ಮುಂದೆ ಒಂದೇ ಬಾವಿ ನೀರು ಕುಡೀಬೇಕಲ್ಲ ಅಂತ. ಇದು ನ್ಯಾಯಾನಾ? ನಂಗೆ ಅಲ್ಲ ಅನ್ಸುತ್ತೆ. ಬಾವಿ ವಿಷಯ ಮಾತ್ರ ನಿಜ.

ಇನ್ನೊಂದು ಸಂಗತಿ, ಇದು ಬಂತುಲ್ ಅಲ್ಲ, ಪೂರ್ವಕ್ಕೆ ಸ್ರಾಗೆನ್, ನಾವಿ ಜಿಲ್ಲೆಗಳ ಕಡೆ. ಅಲ್ಲಿ ಗದ್ದೆಗೆ ಇಲಿ ಕಾಟ ಜಾಸ್ತಿ, ಒಂದೇ ರಾತ್ರೀಲಿ ಪೈರು ಕತ್ತರಿಸಿ ಹಾಕುತ್ತೆ, ಅದಕ್ಕೆ ರೈತರು ಗದ್ದೆ ಬದು ಸುತ್ತ ತಂತಿ ಎಳೆದು ಮನೆ ಕರೆಂಟ್ ಕೊಡ್ತಾರೆ. ಇಲಿ ಸಾಯ್ತವೆ. ಕತ್ತಲಲ್ಲಿ ನೀರು ಕಟ್ಟೋಕೆ ಹೋದ ಪಕ್ಕದ ಗದ್ದೆಯವನೂ ಸಾಯ್ತಾನೆ, ಎಷ್ಟೋ ಸಲ ತಂತಿ ಹಾಕಿದವನೇ. ಪೊಲೀಸರು ಬೇಡ ಅಂದ್ರೂ ನಿಲ್ತಿಲ್ಲ. ಡೆಮಾಕ್ ಜಿಲ್ಲೆಯ ತ್ಲೊಗೊವೆರು ಅನ್ನೋ ಹಳ್ಳಿಯವರು ಬೇರೆ ದಾರಿ ಹಿಡಿದ್ರು, ಗದ್ದೆ ಮಧ್ಯೆ ಕಂಬ ನೆಟ್ಟು ಗೂಡು ಕಟ್ಟಿ ಕಣಜ ಗೂಬೆ ಸಾಕಿದ್ರು, ಗೂಬೆ ಇಲಿ ತಿನ್ನುತ್ತೆ, ಕರೆಂಟ್ ಬಿಲ್ಲಿಲ್ಲ. ನಮ್ಮ ಮಲೆನಾಡಲ್ಲಿ ಕಾಡುಹಂದಿಗೆ ಬೇಲಿಗೆ ಕರೆಂಟ್ ಬಿಟ್ಟು ಮನುಷ್ಯರು ಸತ್ತ ಸುದ್ದಿ ಓದ್ತಾನೇ ಬೆಳೆದವನು ನಾನು, ಹಂದಿ ತಿನ್ನೋ ಗೂಬೆ ಮಾತ್ರ ಎಲ್ಲೂ ಸಿಗಲ್ಲ.

ಈಗ ಆ ರಾತ್ರಿ ವಿಷಯಕ್ಕೆ ಬರ್ತೀನಿ, ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದೂ ಅದನ್ನ ಬರೆಯೋಕೆ ಮನಸ್ಸಿಲ್ಲದೇನೇ.

ನಮ್ಮ ಪಾಳಿ. ಎರಡೂವರೆ ಇರ್ಬೇಕು. ಮೂವರು ಸುತ್ತಿಗೆ ಹೋಗಿದ್ರು, ನಾನು ಮತ್ತಿಬ್ಬರು ಕಟ್ಟೆ ಮೇಲೆ. ಹಕ್ಕಿ ಸಾಕೋರ ಮನೆ ಕಡೆಯಿಂದ ಏನೋ ಬಿದ್ದ ಸದ್ದು, ಆಮೇಲೆ ಓಡೋ ಸದ್ದು, "ಮಾಲಿಂಗ್!" ಅಂತ ಯಾರೋ ಕಿರುಚಿದ್ರು. ಮಾಲಿಂಗ್ ಅಂದ್ರೆ ಕಳ್ಳ. ಕೋಲಿಗೆ ಹತ್ರ ಕೂತಿದ್ದವನು ನಾನು. ಯೋಚನೆ ಏನೂ ಮಾಡ್ಲಿಲ್ಲ, ಎದ್ದು ಬಡಿದೆ. ತೊಕ್ತೊಕ್. ತೊಕ್ತೊಕ್. ತೊಕ್ತೊಕ್. ನಿಜ ಹೇಳ್ತೀನಿ, ಒಂದು ಹೆಮ್ಮೆ ಬಂತು, ಎರಡು ಏಟು ಸರಿಯಾಗಿ ಬೀಳ್ತಾ ಇದೆ ಅಂತ.

ಮೂರು ನಿಮಿಷ ಆಗಿರ್ಲಿಕ್ಕಿಲ್ಲ, ನಲವತ್ತು ಗಂಡಸರು. ಹಗಲಲ್ಲಿ ನಂಗೆ ಪಪ್ಪಾಯಿ ಕೊಡೋರು, ನಮ್ಮ ಬಲ್ಬ್ ಹಾಕಿಕೊಟ್ಟೋರು, ಒಂದು ಗಂಟೆ ಮುಂಚೆ ನನ್ನ ಪ್ಲೇಟಿಗೆ ಇನ್ನೊಂದು ತೆಂಪೆ ತಗೊಳ್ಳಿ ಅಂತ ಹಾಕಿದೋರು. ಹುಡುಗ ಗದ್ದೆ ಬದುವಲ್ಲಿ ಜಾರಿ ಬಿದ್ದಿದ್ದ. ಹದಿನೇಳು ಹದಿನೆಂಟು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಪಂಜರ ಪಕ್ಕದಲ್ಲಿ ಉರುಳಿ ಮುರಾಯ್ ಒಳಗೇ ರೆಕ್ಕೆ ಬಡೀತಾ ಇತ್ತು. ಮೊದಲ ಒದೆ ಯಾರದ್ದು ಅಂತ ನಂಗೆ ಗೊತ್ತು. ಎರಡನೇದು, ಮೂರನೇದು, ಆಮೇಲೆ ಲೆಕ್ಕ ಸಿಗ್ಲಿಲ್ಲ. ಇಂಡೋನೇಷ್ಯಾದಲ್ಲಿ ಹಿಂಗೆ ಜನರ ಕೈಗೆ ಸಿಕ್ಕಿ ಸತ್ತ ಕಳ್ಳರ ಸುದ್ದಿ ಅಪರೂಪ ಅಲ್ಲ, ಅದು ನನ್ನ ತಲೇಲಿತ್ತು, ಕಾಲು ಮಾತ್ರ ಅಲುಗಾಡ್ಲಿಲ್ಲ, ಕೈಯಲ್ಲಿ ಕೋಲು ಹಂಗೇ ಇತ್ತು.

ಪಾ ಎರ್ತೆ ಬನಿಯನ್‌ನಲ್ಲೇ ಓಡಿ ಬಂದ್ರು. ಕೂಗಾಡಿದ್ರೆ ಯಾರಿಗೆ ಕೇಳುತ್ತೆ, ಅವರು ಸೀದಾ ಹೋಗಿ ಆ ಹುಡುಗನ ಮೇಲೆ ಬಗ್ಗಿ ಅಪ್ಪಿಕೊಂಡ್ರು, ಕೆಸರಲ್ಲೇ. ಒಂದೆರಡು ಒದೆ ಅವರ ಬೆನ್ನಿಗೂ ಬಿತ್ತು. ಆಮೇಲೆ ನಿಲ್ತು. ಹುಡುಗನ್ನ ಕಟ್ಟೆ ಮೇಲೆ ಕೂರಿಸಿ ಚಹಾ ಕೊಟ್ರು, ಅವನ ಕೈ ನಡುಗಿ ಅರ್ಧ ಚೆಲ್ತು, ಪೊಲೀಸರು ಬರೋಕೆ ಮುಕ್ಕಾಲು ಗಂಟೆ. ಎರಡು ಹಳ್ಳಿ ಆಚೆಯವನಂತೆ. ವಾರದ ನಂತರ ಅವನ ಅಪ್ಪ ಅಮ್ಮ ಒಂದು ಗೊನೆ ಬಾಳೆಹಣ್ಣು ತಂದು ಕ್ಷಮೆ ಕೇಳಿದ್ರು, 10,000 ರುಪಯಾದ ಸ್ಟಾಂಪ್ ಅಂಟಿಸಿದ ಕಾಗದಕ್ಕೆ ಎಲ್ಲರೂ ಸೈನ್ ಹಾಕಿದ್ರು. ಇದಕ್ಕೆ 'ಕೆಕೆಲುವರ್ಗಾನ್' ಅಂತಾರೆ, ಮನೆಯವರ ಹಾಗೆ ಬಗೆಹರಿಸಿಕೊಳ್ಳೋದು, ಒಳಗಿರೋ ಪದ ನಮ್ಮ ಕುಲ, ವರ್ಗ. ನಾನೂ ಸಾಕ್ಸಿ. ಬಾಳೆಹಣ್ಣು ನಮ್ಮನೆಗೂ ಒಂದು ಚಿಪ್ಪು ಬಂತು, ಹೆಂಡತಿ ತಿನ್ಲಿಲ್ಲ.

ಆ ರಾತ್ರಿ ಕಳೆದ ಮಾರನೇ ದಿನವೇ ಎದುರು ಮನೆ ಎಂಬಾ, ಅಂದ್ರೆ ಅಜ್ಜಿ, ಬಾಗಿಲಲ್ಲಿ ಕೂತು ಸೊಪ್ಪು ಸೋಸ್ತಾ "ನೆನ್ನೆ ಬಡಿದಿದ್ದು ನೀನಾ?" ಅಂದ್ರು. ಹೌದು ಅಂದೆ, ಹೊಗಳ್ತಾರೆ ಅಂದ್ಕೊಂಡು. "ಆ ಸದ್ದು ಕೇಳಿದ್ರೆ ನಾನು ದೀಪ ಆರಿಸಿ ಮಂಚದ ಕೆಳಗೆ ಹೋಗ್ತೀನಿ" ಅಂದ್ರು. ಅವರ ತವರು ಕ್ಲಾಟೆನ್. 1963, 64ರಲ್ಲಿ ಆ ಕಡೆ ಭೂಮಿತಿ ಕಾನೂನು ಜಾರಿ ಮಾಡಿ ಅಂತ ಕಮ್ಯುನಿಸ್ಟ್ ಪಕ್ಷದ ಜೊತೆಗಿದ್ದ ರೈತ ಸಂಘದವರು ತಾವೇ ಗದ್ದೆಗಿಳಿದಿದ್ರು. 1965ರ ಅಕ್ಟೋಬರ್ ಆದ್ಮೇಲೆ ಸೈನ್ಯ ಕಮ್ಯುನಿಸ್ಟರ ಬೇಟೆ ಶುರು ಮಾಡಿದಾಗ ಅದಕ್ಕೆಲ್ಲ ಲೆಕ್ಕ ಚುಕ್ತಾ ಆಯ್ತು, ದೇಶದಲ್ಲಿ ಸತ್ತಿದ್ದು ಐದು ಲಕ್ಷ ಜನ, ಅದಕ್ಕೂ ಜಾಸ್ತಿ ಅಂತ ಹೇಳೋರೂ ಇದ್ದಾರೆ. ಯಾರು ಯಾವ ಸಂಘದಲ್ಲಿದ್ದ, ಯಾರ ಮನೆಗೆ ಯಾರು ಬಂದು ಹೋಗ್ತಿದ್ರು, ಅಕ್ಕಪಕ್ಕದವರಿಗೆ ಗೊತ್ತಿತ್ತಲ್ಲ, ಗೊತ್ತಿರೋದೇ ಸಾಕಾಯ್ತು. ಜೈಲಿಂದ ಬಂದವರ ಐಡಿ ಕಾರ್ಡ್ ಮೇಲೆ ಎಷ್ಟೋ ವರ್ಷ 'ಇ.ಟಿ.' ಅಂತ ಗುರುತು, ಮಾಜಿ ರಾಜಕೀಯ ಕೈದಿ ಅಂತ. ಎಂಬಾ ಇದೇನನ್ನೂ ಹೇಳ್ಲಿಲ್ಲ, ಇದು ನಾನು ಓದಿದ್ದು. ಅವರು ಹೇಳಿದ್ದು, ಅವರಪ್ಪನನ್ನ ಕರೆಯೋಕೆ ಬಂದವರು ದಿನಾ ಮನೆಗೆ ಬರೋರೇ, ಅಂತ ಒಂದು ಮಾತು. ಆಮೇಲೆ ಸೊಪ್ಪು ಎತ್ಕೊಂಡು ಒಳಗೆ ಹೋದ್ರು.

ಬೇಲಿ ಎದ್ದು ಹೊಲ ಮೇಯೋದು ಹಳೇ ಕಾಲದ್ದು ಮಾತ್ರ ಅಂತಲೂ ಅಲ್ಲ. ನಾವು ಹೋಗೋಕೆ ಸ್ವಲ್ಪ ಮುಂಚೆ, 2022ರ ಫೆಬ್ರವರಿ 8ಕ್ಕೆ, ಪುರ್ವೊರೆಜೊ ಜಿಲ್ಲೆಯ ವಡಾಸ್ ಹಳ್ಳಿಗೆ ನೂರಾರು ಪೊಲೀಸರು ನುಗ್ಗಿದ್ರು. ಬೆನೆರ್ ಅಣೆಕಟ್ಟಿಗೆ ಅಲ್ಲಿನ ಗುಡ್ಡದ ಕಲ್ಲು ಬೇಕಿತ್ತು, ತೋಟ ಕೊಡಲ್ಲ ಅಂದವರಿದ್ರು, ಅಳತೆಗೆ ಬಂದವರಿಗೆ ರಕ್ಷಣೆ ಕೊಡೋಕೆ ಬಂದ್ವಿ ಅಂತ ಹೇಳಿ ಅರವತ್ತಕ್ಕೂ ಹೆಚ್ಚು ಹಳ್ಳಿಯವರನ್ನ ಹಿಡ್ಕೊಂಡು ಹೋಗಿ ಮಾರನೇ ದಿನ ಬಿಟ್ರು. ನಮ್ಮ ಕಟ್ಟೇಲಿ ಇದರ ಮಾತು ಬಂದಾಗ ಒಬ್ಬ ಹಲಗೆ ಕಡೆ ನೋಡಿ ಕೇಳಿದ, ಇದಕ್ಕೆ ಎಷ್ಟು ಏಟು ಹೊಡೀಬೇಕು? ಎಲ್ಲರೂ ನಕ್ರು. ಪಾ ಎರ್ತೆ ನಗ್ಲಿಲ್ಲ, ಡಾಮಿನೋ ಕಲೆಸಿ ಹಂಚಿದ್ರು.

ಆ ಕಳ್ಳನ ಘಟನೆ ಆದ್ಮೇಲೆ ಒಂದೆರಡು ತಿಂಗಳು ಗಸ್ತಿಗೆ ಹೋಗೋಕೆ ನಂಗೆ ಇಷ್ಟ ಆಗ್ತಿರ್ಲಿಲ್ಲ. ಹೋದೆ. ಕೋಲಿನಿಂದ ದೂರ, ಆ ತುದೀಲಿ ಕೂರ್ತಿದ್ದೆ. ವಿಚಿತ್ರ ಅಂದ್ರೆ ಆಗಲೂ ರಾತ್ರಿ ಅಗುಳಿ ಹಾಕದೆ ಎಷ್ಟೋ ಸಲ ಮಲಗಿದ್ದೀನಿ, ನೆಮ್ಮದಿಯಾಗಿ ನಿದ್ದೆ ಬಂದಿದೆ. ಊರಲ್ಲಿ ಅಪ್ಪಯ್ಯ ಅಡಿಕೆ ರೇಟು ಕ್ವಿಂಟಾಲಿಗೆ ಐವತ್ತು ಸಾವಿರ ಮುಟ್ಟಿದ ವರ್ಷ ಅಂಗಳಕ್ಕೆ ನಾಲ್ಕು ಸಿಸಿಟಿವಿ ಹಾಕ್ಸಿದ್ರು, ಆದ್ರೂ ರಾತ್ರಿ ಎರಡು ಸಲ ಎದ್ದು ಮೊಬೈಲಲ್ಲಿ ನೋಡ್ತಾರೆ, ಒಣಗೋಕೆ ಹಾಕಿದ ಅಡಿಕೆ ಅಲ್ಲೇ ಇದೆಯಾ ಅಂತ.

ಎರಡು ವರ್ಷ ಮುಗೀತು. ಹೊರಡೋ ಹಿಂದಿನ ಸಂಜೆ ಪಾ ಎರ್ತೆ ಮತ್ತೆ ಬಂದ್ರು, ಅದೇ ಲುಂಗಿ, ಕಂಕುಳಲ್ಲಿ ಪುಸ್ತಕ. ಬೀಳ್ಕೊಡೋಕೆ ಬಂದಿದ್ದಾರೆ ಅಂತ ಚಹಾ ಇಟ್ವಿ. ಕುಡಿದು, ಹವಾಮಾನ ಮಾತಾಡಿ, ಪುಸ್ತಕ ತೆಗೆದು ನಮ್ಮ ಮನೆ ಪುಟ ತೋರಿಸಿದ್ರು. ಸಾಲಾಗಿ ಟಿಕ್ಕು, ಮಧ್ಯೆ ಒಂದು ಕಡೆ ಖಾಲಿ. ಇಪ್ಪತ್ತೆರಡು ರಾತ್ರಿದು ಬಾಕಿ ಇದೆ, 11,000 ರುಪಯಾ.

"ಪಾ, ಆಗ ನಾವು ಇಂಡಿಯಾಕ್ಕೆ ಹೋಗಿದ್ವಲ್ಲ, ಇಲ್ಲಿ ಇರ್ಲೇ ಇಲ್ಲ" ಅಂದೆ.

"ನೀವು ಇರ್ಲಿಲ್ಲ ಮಾಸ್. ಮನೆ ಇತ್ತಲ್ಲ."

ಕೊಟ್ಟೆ. ಅವರು ಪೆನ್ನಿನ ಕ್ಯಾಪ್ ತೆಗೆದು ಖಾಲಿ ಬಿಟ್ಟ ಚೌಕಗಳಲ್ಲಿ ಒಂದೊಂದಾಗಿ ಟಿಕ್ ಹಾಕ್ತಾ ಹೋದ್ರು, ಇಪ್ಪತ್ತೆರಡೂ ಮುಗಿಯೋ ತನಕ ನಾವಿಬ್ಬರೂ ಸುಮ್ನೆ ಕೂತಿದ್ವಿ.